ರಿಜಿಸ್ಟರಿನ ಅಂಚಿನ ಅಯೋಡಿನ್ ಬೊಟ್ಟು

೧೯೪೬ರಲ್ಲಿ ನಾನು ಬೆಂಗಳೂರು ದಂಡು ಪ್ರದೇಶದ ಒಂದು ಸರ್ಕಾರಿ ಆಸ್ಪತ್ರೆಯಲ್ಲಿ ರೆಕಾರ್ಡ್ ಗುಮಾಸ್ತನಾಗಿದ್ದೆ. ಹಲಸೂರಿನ ನಮ್ಮ ಬೀದಿಯಲ್ಲಿ ಹೈಸ್ಕೂಲು ಮುಗಿಸಿದವರೇ ಕಡಿಮೆ. ಪದವಿ ಪಡೆದವನು ನಾನೊಬ್ಬನೇ. ಅಪ್ಪ ಪಲ್ಟನ್ನಿನ ಸಿಪಾಯಿಗಳ ಬಟ್ಟೆ ಒಗೆಯುತ್ತಿದ್ದರು. ಅವರು ಇಸ್ತ್ರಿ ಮಾಡುವ ಮೇಜಿನ ತುದಿಯಲ್ಲಿ ಗಣಿತ ಬಿಡಿಸಿ ಬಿ.ಎಸ್ಸಿ. ಮಾಡಿದವನು ನಾನು. ಇದನ್ನು ಜಂಬದಿಂದಲೇ ಹೇಳುತ್ತಿದ್ದೇನೆ. ಆಗಲೂ ಆ ಜಂಬ ಇತ್ತು, ಈಗಿನದಕ್ಕಿಂತ ಜಾಸ್ತಿಯೇ ಇತ್ತು.

ಆ ವರ್ಷ ಮೇಲಿನ ಕಚೇರಿಯಿಂದ ಒಂದು ಅಚ್ಚಾದ ಫಾರಂ ಬಂತು. ಹಿಂದಿನ ಐದು ವರ್ಷಗಳಲ್ಲಿ ನಮ್ಮ ಆಸ್ಪತ್ರೆಗೆ ಬಂದ ಕ್ಯಾನ್ಸರ್ ರೋಗಿಗಳನ್ನು ಅಂಗವಾರು, ವಯಸ್ಸುವಾರು ಬರೆದು ಕಳುಹಿಸಬೇಕು. ಎಲ್ಲ ಕಡೆಯಿಂದಲೂ ಹೀಗೆ ತರಿಸಿಕೊಂಡರೆ ದೇಶದ ಜನರಲ್ಲಿ ಯಾವ ಕ್ಯಾನ್ಸರ್ ಹೆಚ್ಚು, ಯಾವುದು ಕಡಿಮೆ, ಯಾವುದು ಏರುತ್ತಿದೆ ಎಂದು ತಿಳಿಯುತ್ತದೆ ಎಂಬುದು ಉದ್ದೇಶ. ನನಗೆ ಹಬ್ಬ. ಬಾಯಿ, ಗಂಟಲು, ಸ್ತನ, ಗರ್ಭಕೋಶ ಎಂದು ಒಂದೊಂದೇ ಸಾಲು ತುಂಬಿಸಿದೆ. ಕೊನೆಯ ಹತ್ತಿರ ಒಂದು ಸಾಲಿತ್ತು: ವೃಷಣ. ಐದು ವರ್ಷದ ರಿಜಿಸ್ಟರುಗಳನ್ನು ಎರಡು ಸಲ ತಿರುವಿ ಹಾಕಿದೆ. ಒಂದೂ ಇರಲಿಲ್ಲ. ಚೆಂದದ ಅಕ್ಷರದಲ್ಲಿ ಸೊನ್ನೆ ಬರೆದೆ.

ಸಹಿಗೆ ಸರ್ಜನ್ ಸಾಹೇಬರ ಮುಂದಿಟ್ಟಾಗ ಅವರ ಬೆರಳು ಅಲ್ಲೇ ನಿಂತಿತು.

“ನಮ್ಮ ಗಂಡಸರಿಗೆ ಈ ಕಾಯಿಲೆ ಬರೋದೇ ಇಲ್ಲ ಅಂತೀರೇನ್ರೀ?”

“ರಿಜಿಸ್ಟರ್ ಹಾಗೆ ಹೇಳುತ್ತೆ ಸರ್.”

“ರಿಜಿಸ್ಟರ್‌ಗೆ ಬಾಯಿ ಇಲ್ಲ ಕಣ್ರೀ. ಬರೆಯೋ ಜಾಗದಲ್ಲಿ ಒಂದು ದಿನ ಕೂತು ನೋಡಿ ಬನ್ನಿ.”

ಗುರುವಾರ ಬೆಳಿಗ್ಗೆ ಹೊರರೋಗಿಗಳ ವಿಭಾಗದಲ್ಲಿ ಒಂದು ಸ್ಟೂಲು ಹಾಕಿಕೊಂಡು ಕೂತೆ. ಅಲ್ಲಿನ ಪದ್ಧತಿ ಹೀಗಿತ್ತು. ಗಂಡಸು ಮೇಜಿನ ಹತ್ತಿರ ಬಂದು, ಹಿಂದೆ ಯಾರಿದ್ದಾರೆ ಎಂದು ನೋಡಿಕೊಂಡು, “ಕೆಳಗೆ ಬಾವು” ಎನ್ನುತ್ತಿದ್ದ. ತಮಿಳಿನಲ್ಲೋ ದಖನಿ ಉರ್ದುವಿನಲ್ಲೋ ಹೇಳಿದರೂ ಮಾತು ಅಷ್ಟೇ, ನಾಚಿಕೆಯೂ ಅಷ್ಟೇ. ಗುಮಾಸ್ತ ತಲೆ ಎತ್ತದೆ ‘ಹೈಡ್ರೊಸಿಲ್’ ಎಂದು ಬರೆಯುತ್ತಿದ್ದ. ವೃಷಣದ ಸುತ್ತ ನೀರು ತುಂಬಿಕೊಳ್ಳುವುದಕ್ಕೆ ಆ ಹೆಸರು. ನಮ್ಮ ಕಡೆ ಅದು ಸಾಮಾನ್ಯ, ಹತ್ತರಲ್ಲಿ ಒಂಬತ್ತು ಸಲ ಬರೆದದ್ದು ಸರಿಯೇ ಇರುತ್ತಿತ್ತೇನೋ. ಆಮೇಲೆ ಆ ರೋಗಿ ಪರದೆಯ ಹಿಂದೆ ಖಾದರ್ ಸಾಹೇಬರ ಹತ್ತಿರ ಹೋಗುತ್ತಿದ್ದ.

ಖಾದರ್ ಸಾಹೇಬರು ನಮ್ಮ ಡ್ರೆಸ್ಸರ್, ಅಂದರೆ ಗಾಯ ತೊಳೆದು ಪಟ್ಟಿ ಕಟ್ಟುವವರು. ಮನೆ ರಸೆಲ್ ಮಾರುಕಟ್ಟೆಯ ಹಿಂದೆ. ಐವತ್ತು ದಾಟಿದ್ದ ಅವರು ಶಾಲೆಯ ಮುಖ ಕಂಡವರಲ್ಲ. ನೀರು ತುಂಬಿದ್ದರೆ ಸೂಜಿಯಿಂದ ತೆಗೆಯುವುದು ಅವರ ಕೆಲಸ. ಆದರೆ ಅವರು ಸೂಜಿ ಹಿಡಿಯುವ ಮೊದಲು ಪರದೆ ಎಳೆದು, ಕಿಟಕಿಗೆ ಕಂಬಳಿ ಇಳಿಬಿಟ್ಟು, ಬಾವಿನ ಹಿಂದೆ ಟಾರ್ಚ್ ಹಿಡಿಯುತ್ತಿದ್ದರು. ಒಳಗೆ ನೀರಿದ್ದರೆ ಬೆಳಕು ಹಾಯ್ದು ಬಾವು ಕೆಂಪಗೆ ಹೊಳೆಯುತ್ತದೆ. ಗಟ್ಟಿ ಗೆಡ್ಡೆಯಾದರೆ ಬೆಳಕು ಅಲ್ಲೇ ಸಾಯುತ್ತದೆ. ಯುದ್ಧ ಮುಗಿದಿದ್ದರೂ ಬ್ಯಾಟರಿ ಸೆಲ್ಲು ಸಿಗುವುದು ಕಷ್ಟವಾಗಿದ್ದ ಕಾಲ. ಸಾಹೇಬರು ಸೆಲ್ಲುಗಳನ್ನು ಬಿಸಿಲಿಗಿಟ್ಟು, ಇನ್ನಷ್ಟು ದಿನ ಉರಿಸುತ್ತಿದ್ದರು.

“ಬೆಳಕು ಹೋಗದಿದ್ರೆ ಏನ್ ಮಾಡ್ತೀರಿ?” ಎಂದು ಕೇಳಿದೆ.

“ಸೂಜಿ ಹಾಕಲ್ಲ. ಅದು ನೀರಲ್ಲ, ಗೆಡ್ಡೆ. ನಾಳೆ ದೊಡ್ಡ ಡಾಕ್ಟ್ರ ಹತ್ರ ಬಾ ಅಂತೀನಿ. ಬರೋಲ್ಲ. ಹತ್ತು ಜನಕ್ಕೆ ಹೇಳಿದ್ರೆ ಒಬ್ರೋ ಇಬ್ರೋ ಬರ್ತಾರೆ.”

“ಮತ್ತೆ ರಿಜಿಸ್ಟರಿನಲ್ಲಿ ಹೈಡ್ರೊಸಿಲ್ ಅಂತಲೇ ಉಳಿಯುತ್ತಲ್ಲ. ಹೇಳಿ ತಿದ್ದಿಸಬಾರದೇ?”

ಅವರು ನನ್ನ ಮುಖವನ್ನೇ ನೋಡಿದರು. “ಡ್ರೆಸ್ಸರ್ ಮಾತು ಕೇಳಿ ಯಾರು ತಿದ್ತಾರೆ? ನಂಗೆ ಬರೆಯೋಕೆ ಬರಲ್ಲ. ಅದಕ್ಕೇ ಸಂಜೆ ರಿಜಿಸ್ಟರ್ ನಿಮ್ಮ ರೂಮಿಗೆ ಹೊತ್ಕೊಂಡ್ ಬರೋವಾಗ, ಅವನ ನಂಬರ್ ಪಕ್ಕ ಅಯೋಡಿನ್ ಬೊಟ್ಟು ಇಡ್ತೀನಿ. ಯಾವತ್ತಾದ್ರೂ ಯಾರಾದ್ರೂ ಕೇಳ್ತಾರೆ ಅಂತ. ಕೇಳಿದ್ರಲ್ಲ, ಬಿ.ಎಸ್ಸಿ. ಸಾಹೇಬ್ರು. ಆದ್ರೆ ಬೇರೆ ಥರ ಕೇಳಿದ್ರಿ.”

ಆರು ತಿಂಗಳ ಹಿಂದೆ, ‘ಡ್ರೆಸ್ಸರನು ಸರ್ಕಾರಿ ರಿಜಿಸ್ಟರಿನ ಅಂಚನ್ನು ಕೊಳೆ ಕೈಯಿಂದ ಹಾಳು ಮಾಡುತ್ತಿದ್ದಾನೆ’ ಎಂದು ಮೆಮೊ ಬರೆದವನು ನಾನೇ. ಮೇಲಿನವರು ಅವರನ್ನು ಕರೆಸಿ ಎಚ್ಚರಿಕೆ ಕೊಟ್ಟಿದ್ದರು, ಆದರೂ ಅವರು ಬೊಟ್ಟು ಇಡುವುದನ್ನು ನಿಲ್ಲಿಸಿರಲಿಲ್ಲ. ‘ಕೊಳೆ’ ಎಂಬ ಪದದ ಕೆಳಗೆ ನಾನು ಗೆರೆ ಬೇರೆ ಎಳೆದಿದ್ದೆ. ಒಗೆಯುವವನ ಮಗನಾದ ನಾನು, ಯಾವುದು ಕೊಳೆ, ಯಾವುದು ಗುರುತು ಎಂದು ನೋಡದೆ ಹೋಗಿದ್ದೆ.

ಅವತ್ತೇ ರಿಜಿಸ್ಟರುಗಳನ್ನು ಮತ್ತೆ ತೆಗೆದೆ. ಕಂದು ಬೊಟ್ಟುಗಳು ಐದೂ ವರ್ಷ ಚೆಲ್ಲಿಕೊಂಡಿದ್ದವು. ಹೈಡ್ರೊಸಿಲ್ ಸಾಲಿನಲ್ಲಿ ಎಲ್ಲ ವಯಸ್ಸಿನವರಿದ್ದರು. ಬೊಟ್ಟು ಬಿದ್ದ ಸಾಲುಗಳಲ್ಲಿ ಮಾತ್ರ ಇಪ್ಪತ್ತು ಮೂವತ್ತರ ಹುಡುಗರೇ ಎದ್ದು ಕಾಣುತ್ತಿದ್ದರು. ಆ ಸಾಲುಗಳ ಪಟ್ಟಿ ಮಾಡಿ ಸರ್ಜನ್ ಸಾಹೇಬರಿಗೆ ತೋರಿಸಿದೆ. ಬೆಳಕು ಹಾಯದ್ದೆಲ್ಲ ಕ್ಯಾನ್ಸರ್ ಅಲ್ಲ, ಕ್ಷಯದ ಬಾವೂ ಇರಬಹುದು, ಹಳೆಯ ದಪ್ಪ ಚೀಲವೂ ಇರಬಹುದು ಎಂದರು. ಆದರೆ ಈ ಕ್ಯಾನ್ಸರ್ ಹಿಡಿಯುವುದು ಗಟ್ಟಿಮುಟ್ಟಾದ ಪ್ರಾಯದವರನ್ನೇ, ನೋವೂ ಇರುವುದಿಲ್ಲ, ಹೊಟ್ಟೆಯೊಳಕ್ಕೆ ಹಬ್ಬುವ ಮೊದಲು ಕತ್ತರಿಸಿ ತೆಗೆದರೆ ಮನುಷ್ಯ ಉಳಿಯಬಹುದು ಎಂದರು. “ಕೊನೇ ಬೊಟ್ಟು ಯಾವಾಗಿನದು?”

ಮೂರು ವಾರದ ಹಿಂದಿನದು. ಚಿನ್ನಪ್ಪ, ಇಪ್ಪತ್ತಾರು ವರ್ಷ, ಹಲಸೂರು, ಕಸುಬು ಕುಸ್ತಿ.

“ಅವನನ್ನ ಕರಕೊಂಡು ಬನ್ನಿ,” ಎಂದರು.

ಮರುದಿನ ಬೆಳಿಗ್ಗೆ ನಾನೂ ಖಾದರ್ ಸಾಹೇಬರೂ ಹಲಸೂರಿನ ಗರಡಿಗೆ ಹೋದೆವು. ನಮ್ಮ ಮನೆಯಿಂದ ನಾಲ್ಕೇ ಬೀದಿ. ಚಿಕ್ಕಂದಿನಲ್ಲಿ ಅದರ ಕಿಟಕಿಗೆ ನೇತುಬಿದ್ದು ನೋಡಿದ್ದೆನೇ ಹೊರತು ಒಳಗೆ ಕಾಲಿಟ್ಟಿರಲಿಲ್ಲ. ಅಲ್ಲಿ ಒಂದು ಕಟ್ಟುಪಾಡಿತ್ತು. ಮಣ್ಣಿಗೆ ಇಳಿಯುವ ಪ್ರತಿಯೊಬ್ಬನೂ ಉಸ್ತಾದ್ ಮುನಿಯಪ್ಪನವರ ಮುಂದೆ ನಿಲ್ಲಬೇಕು. ಅವರು ಲಂಗೋಟಿಯ ಗಂಟನ್ನು ಒಮ್ಮೆ ಜಗ್ಗಿ ನೋಡಿ, ಬೆನ್ನಿಗೆ ಒಂದು ಏಟು ಕೊಟ್ಟರೆ ಮಾತ್ರ ಇಳಿಯಬಹುದು. ನಾವು ಹೋದಾಗ ಚಿನ್ನಪ್ಪ ಆಗಲೇ ಇಳಿದಿದ್ದ. ಬಾಗಿಲಷ್ಟು ಅಗಲದ ಎದೆ. ಕಾಯಿಲೆ ಎಲ್ಲಿಂದ ಬರಬೇಕು ಇವನಿಗೆ ಎನಿಸಿತು.

ಖಾದರ್ ಸಾಹೇಬರನ್ನು ಕಂಡದ್ದೇ ಅವನ ಮುಖ ಇಳಿಯಿತು. ಮಣ್ಣು ಕೊಡವುತ್ತಾ ಹತ್ತಿರ ಬಂದ. “ಏನೂ ಇಲ್ಲ ಸಾಬ್ರೇ. ಹೋದ ಕುಸ್ತೀಲಿ ಮಂಡಿ ಏಟು ಬಿದ್ದಿತ್ತು, ಎಣ್ಣೆ ತೀಡಿ ಬಿಗಿಯಾಗಿ ಕಟ್ತಿದ್ದೀನಿ. ಇಳೀತಾ ಇದೆ.”

“ಇಳೀತಿಲ್ಲ, ನೀನು ಅಡಗಿಸ್ತಿದ್ದೀಯ,” ಎಂದರು ಸಾಹೇಬರು.

ಉಸ್ತಾದರು ಎದ್ದು ಬಂದು, “ಏನಯ್ಯಾ ಅದು?” ಎಂದರು. ಹುಡುಗರೆಲ್ಲ ಇತ್ತ ತಿರುಗಿದರು. ನಾನು ಹೇಳಬೇಕಾದ್ದನ್ನು ಹೇಳಿದೆ, ಆದರೆ ಪುಸ್ತಕದ ಕನ್ನಡದಲ್ಲಿ ಹೇಳಿದೆ. ಅವರಿಗೆ ಅರ್ಥವಾಗದೆ ಖಾದರ್ ಸಾಹೇಬರ ಕಡೆ ನೋಡಿದರು.

“ಉಸ್ತಾದ್, ಒಂದು ಕಡೆ ಬೀಜದಲ್ಲಿ ಗೆಡ್ಡೆ ಇದೆ. ತೆಗೀಬೇಕು. ತೆಗೀದಿದ್ರೆ ಹುಡುಗ ಉಳಿಯಲ್ಲ.”

ಚಿನ್ನಪ್ಪ ಮಣ್ಣಿನ ಅಂಚಿನಲ್ಲೇ ಕೂತುಬಿಟ್ಟ. “ಅದನ್ನ ಕುಯ್ಸಿಕೊಂಡು ಬಂದ್ರೆ ಯಾರು ನನ್ನ ಪೈಲ್ವಾನ ಅಂತಾರೆ? ಮಗಳನ್ನ ಕೊಡ್ತೀನಿ ಅಂದಿರೋ ಮಾವ ಇನ್ನು ಕೊಡ್ತಾರಾ? ಇದಕ್ಕಿಂತ ಹಂಗೇ ಹೋಗೋದೇ ವಾಸಿ ಬಿಡಿ.”

ಉಸ್ತಾದರು ಉಳಿದ ಹುಡುಗರನ್ನು ಹೊರಗೆ ಕಳುಹಿಸುತ್ತಾರೆ ಎಂದುಕೊಂಡೆ. ಅವರು ಕಳುಹಿಸಲಿಲ್ಲ. ಎಲ್ಲರಿಗೂ ಕೇಳುವ ಹಾಗೆಯೇ ಕೇಳಿದರು.

“ಲೋ ಚಿನ್ನ, ಎಂಟು ವರ್ಷದಿಂದ ನಿನಗೆ ಏನು ಕಲಿಸಿದ್ದೀನಿ? ಎದುರಾಳೀನ ಬೀಳಿಸಬೇಕಾದ್ರೆ ಎಲ್ಲಿ ಹಿಡೀತೀಯ?”

“ತೊಡೆ, ಸೊಂಟ, ಕತ್ತು.”

“ಅವೆಲ್ಲ ನಿಂಗೆ ಇರುತ್ತಲ್ಲ? ಹಂಗಾದ್ರೆ ಇನ್ನೇನು ಅಳು? ಈ ಗರಡೀಲಿ ಯಾವನು ಪೈಲ್ವಾನ, ಯಾವನು ಅಲ್ಲ ಅಂತ ಹೇಳೋನು ನಾನು. ನಿನ್ನ ಮಾವ ಅಲ್ಲ.” ಆಮೇಲೆ ನನ್ನ ಕಡೆ ತಿರುಗಿ, ದನಿ ತಗ್ಗಿಸಿ, “ಸ್ವಾಮಿ, ಒಂದು ಉಳಿದ್ರೆ ಮಕ್ಕಳಾಗ್ತವಾ?” ಎಂದು ಕೇಳಿದರು.

“ಒಂದಿದ್ದರೂ ಆಗಬಹುದು ಅಂತ ಡಾಕ್ಟ್ರು ಹೇಳಿದ್ದಾರೆ,” ಎಂದೆ.

“ಕೇಳಿದೆಯಾ? ಎದ್ದೇಳು.”

ಚಿನ್ನಪ್ಪ ಎದ್ದ. ಉಸ್ತಾದರು ತಮ್ಮ ಹೆಗಲಿನ ಟವೆಲ್ಲನ್ನು ಅವನಿಗೆ ಹೊದಿಸಿ, ಆಸ್ಪತ್ರೆಯವರೆಗೂ ನಮ್ಮ ಜೊತೆ ನಡೆದು ಬಂದರು. ಸರ್ಜನ್ ಸಾಹೇಬರು ತೊಡೆಸಂದಿಯಲ್ಲಿ ಸೀಳಿ, ಆ ಬೀಜವನ್ನು ಗೆಡ್ಡೆ, ನಾಳದ ಸಮೇತ ಇಡಿಯಾಗಿ ತೆಗೆದರು. ಪ್ರಯೋಗಾಲಯದ ಉತ್ತರ ಬರುವವರೆಗೆ ಉಸ್ತಾದರು ದಿನಾ ಬಂದು ವಾರ್ಡಿನ ಹೊರಗೆ ಕೂರುತ್ತಿದ್ದರು. ಉತ್ತರ ಬಂತು: ಕ್ಯಾನ್ಸರ್ ನಿಜ, ಆದರೆ ಕತ್ತರಿಸಿದ ನಾಳದ ತುದಿಯವರೆಗೆ ಹಬ್ಬಿರಲಿಲ್ಲ.

ಫಾರಂ ಇನ್ನೂ ನನ್ನ ಮೇಜಿನ ಮೇಲೇ ಇತ್ತು. ಸೊನ್ನೆ ಹೊಡೆದುಹಾಕಿ ‘ಒಂದು’ ಎಂದು ಬರೆದೆ. ಕೆಳಗೆ ಸರ್ಜನ್ ಸಾಹೇಬರ ಮಾತನ್ನು ಸೇರಿಸಿದೆ: ಈ ಅಂಗದ ಬಗ್ಗೆ ನಮ್ಮ ಹಿಂದಿನ ದಾಖಲೆ ನಂಬಲರ್ಹವಲ್ಲ, ಈ ಅಂಕಿಯಿಂದ ರೋಗ ಹೆಚ್ಚೋ ಕಡಿಮೆಯೋ ಎಂದು ತೀರ್ಮಾನಿಸಬಾರದು. ಮೇಲಿನ ಕಚೇರಿಯವರು ಅದನ್ನು ಓದಿದರೋ ಇಲ್ಲವೋ ಗೊತ್ತಿಲ್ಲ. ಉತ್ತರವಂತೂ ಬರಲಿಲ್ಲ. ಉಳಿದ ಬೊಟ್ಟುಗಳ ವಿಳಾಸ ಹಿಡಿದು ನಾವಿಬ್ಬರೂ ಎಷ್ಟೋ ಬೆಳಿಗ್ಗೆ ಅಲೆದೆವು. ಕೆಲವರು ಸಿಕ್ಕರು, ಚೆನ್ನಾಗಿಯೇ ಇದ್ದರು. ಕೆಲವು ಮನೆಗಳಲ್ಲಿ ತಾಯಂದಿರು ಮಾತ್ರ ಇದ್ದರು, ಅಲ್ಲಿ ನಾವು ಹೆಚ್ಚು ಕೇಳಲಿಲ್ಲ.

ನನ್ನ ಹಳೆಯ ಮೆಮೊ ಹಿಂತೆಗೆದುಕೊಂಡು, ಆ ಬೊಟ್ಟುಗಳ ಅರ್ಥ ವಿವರಿಸಿ ಇನ್ನೊಂದು ಬರೆದೆ. ಅದನ್ನು ಖಾದರ್ ಸಾಹೇಬರಿಗೆ ಓದಿ ಹೇಳಿದಾಗ, “ಇಷ್ಟುದ್ದ ಯಾಕೆ ಬರೆದ್ರಿ? ಎರಡು ಸೆಲ್ ಕೊಡಿಸಿದ್ರೆ ಸಾಕಿತ್ತು,” ಎಂದು ನಕ್ಕರು. ಕೊಡಿಸಿದೆ. ರಿಜಿಸ್ಟರಿನಲ್ಲಿ ‘ಟಾರ್ಚ್’ ಎಂದು ಒಂದು ಕಾಲಂ ಹೊಸದಾಗಿ ಎಳೆದೆ. ಅದರಲ್ಲಿ ಅವರು ಅಯೋಡಿನ್ ಬೊಟ್ಟನ್ನೇ ಇಡುತ್ತಿದ್ದರು. ನಾನು ಪಕ್ಕದಲ್ಲಿ ಅಕ್ಷರದಲ್ಲಿ ಬರೆಯುತ್ತಿದ್ದೆ.

ಮಳೆಗಾಲ ಮುಗಿದ ಮೇಲೆ ಗರಡಿಯಿಂದ ಕರೆ ಬಂತು. ನಾವು ಹೋದಾಗ ಚಿನ್ನಪ್ಪ ಉಸ್ತಾದರ ಮುಂದೆ ತಲೆ ತಗ್ಗಿಸಿ ನಿಂತಿದ್ದ. ಉಸ್ತಾದರು ಎಲ್ಲರಿಗೂ ಮಾಡುವ ಹಾಗೆ ಅವನ ಗಂಟನ್ನೂ ಜಗ್ಗಿ ನೋಡಿದರು, ಬೆನ್ನಿಗೆ ಏಟು ಕೊಟ್ಟರು. ಆಮೇಲೆ ಎಲ್ಲ ಹುಡುಗರ ಕಡೆ ತಿರುಗಿ, “ಪ್ರತಿ ಶನಿವಾರ ಎಣ್ಣೆನೀರು ಹಾಕ್ಕೊಳ್ಳೋವಾಗ ಒಬ್ಬೊಬ್ಬನೂ ಕೈಯಿಂದ ನೋಡ್ಕೋಬೇಕು. ಗಟ್ಟಿ ಏನಾದ್ರೂ ಸಿಕ್ರೆ ಮೊದಲು ಖಾದರ್ ಸಾಬ್ರ ಹತ್ರ, ಆಮೇಲೆ ಮಣ್ಣಿಗೆ. ನಾಚಿಕೆ ಪಡೋನು ನಾಳೆಯಿಂದ ಬರೋದು ಬೇಡ,” ಎಂದರು.

ಆ ಮೇಲೆ ಮೂವತ್ತು ವರ್ಷ ನಾನು ಅಂಕಿಗಳ ಕೆಲಸವನ್ನೇ ಮಾಡಿದೆ. ಎಷ್ಟೋ ಕೋಷ್ಟಕಗಳಲ್ಲಿ ಸೊನ್ನೆ ಬರೆಯುವ ಸಂದರ್ಭ ಬಂತು. ಪ್ರತಿ ಸಲವೂ ಪೆನ್ನು ಕೆಳಗಿಟ್ಟು, ಮೂಲ ರಿಜಿಸ್ಟರ್ ತರಿಸಿ, ಮೊದಲು ಅದರ ಅಂಚನ್ನು ನೋಡಿದ್ದೇನೆ.