ಹೆಸರು ಮುಚ್ಚಿದ ಲೇಖನ

“ನಿಮ್ಮ ಸವಳು ಭೂಮಿ ಲೇಖನ ಪರಿಶೀಲನಾ ಮಾಡಿದಾಂವ ನಾನರೀ,” ಎಂದರು ಪಕ್ಕದಲ್ಲಿ ಕುಳಿತಿದ್ದ ನಿವೃತ್ತ ಪ್ರಾಧ್ಯಾಪಕರು. ಬೀಳಗಿ ಬಸ್ ನಿಲ್ದಾಣದಲ್ಲಿ ಇಬ್ಬರೂ ಬಾಗಲಕೋಟೆ ಬಸ್ಸಿಗೆ ಕಾಯುತ್ತಿದ್ದೆವು.

ಅನಗವಾಡಿ ಕಡೆಯ ಹೊಲಗಳು ಉಪ್ಪೇರಿ ಸವಳಾಗಿದ್ದು ಅಣೆಕಟ್ಟಿನ ಹಿನ್ನೀರಿನಿಂದ ಎಂಬುದು ಅವರ ಜೀವಮಾನದ ವಾದ. ಅಲ್ಲ, ಕಬ್ಬಿಗೆ ಮಿತಿಮೀರಿ ಹಾಯಿಸಿದ ನೀರಿನಿಂದ ಎಂದು ನಾನು ಬರೆದಿದ್ದೆ. ಸಂಶೋಧನಾ ಪತ್ರಿಕೆಯವರು ನನ್ನ ಹೆಸರು ತೆಗೆದೇ ಅದನ್ನು ಪರಿಶೀಲನೆಗೆ ಕಳಿಸಿದ್ದರು. ಆದರೆ ಅಷ್ಟರಲ್ಲಿ ನಾನೇ ಅದನ್ನು ಪ್ರಿಪ್ರಿಂಟ್ ಎಂದು, ಅಂದರೆ ಅಚ್ಚಿಗೆ ಮುಂಚಿನ ಪ್ರತಿಯಾಗಿ, ಹೆಸರಿನ ಸಮೇತ ಇಂಟರ್‌ನೆಟ್ಟಿಗೆ ಹಾಕಿಬಿಟ್ಟಿದ್ದೆ.

“ಹಂಗಾದ್ರ ಬರದಾಕಿ ನಾನಂತ ಗೊತ್ತಿತ್ತೇನ್ರಿ ಸರ್?”

“ಗೊತ್ತಿತ್ತು. ಸಂಪಾದಕರಿಗೂ ಹೇಳಿದೆ, ಆದ್ರೂ ನೀವೇ ನೋಡ್ರಿ ಅಂದ್ರು. ಹೊಲಕ್ಕ ಹೋಗಿ ಮಣ್ಣು ತಂದು ನೋಡಿದೆ. ನಿಮ್ಮದ ಖರೆ ಐತ್ರಿ. ಅಚ್ಚು ಹಾಕ್ರಿ ಅಂತ ಬರದು ಕಳಿಸಿದೆ.”

ಪರಿಶೀಲಿಸಿದವರ ಹೆಸರನ್ನು ಪತ್ರಿಕೆ ಯಾರಿಗೂ ಹೇಳುವುದಿಲ್ಲ. ಅವರು ನನ್ನ ಲೇಖನವನ್ನು ಅಲ್ಲೇ ಮುಗಿಸಿದ್ದರೂ ಅದು ಯಾರ ಕೆಲಸವೆಂದು ನನಗೆ ತಿಳಿಯುತ್ತಿರಲಿಲ್ಲ.

ಈಗ ಹೆಸರು ಮುಚ್ಚಿದ ಲೇಖನಗಳು ನನ್ನ ಹತ್ತಿರವೂ ಬರುತ್ತವೆ. ಮೊನ್ನೆ ಬಂದದ್ದು ನನ್ನ ವಾದವೇ ತಪ್ಪು ಎನ್ನುತ್ತಿತ್ತು. ಬರೆದವರು ಯಾರೆಂದು ಇಂಟರ್‌ನೆಟ್ಟಿನಲ್ಲಿ ಹುಡುಕಲಿಲ್ಲ. ಮಣ್ಣು ತರಲು ಚೀಲ ಹಿಡಿದು ಅನಗವಾಡಿಗೆ ಹೊರಟೆ.