ಇಬ್ಬರು ಜಿ. ಎನ್. ಭಟ್ಟರು

ಅಣ್ಣತಮ್ಮಂದಿರ ಹೆಸರು ಜೋಡಿಯಾಗಿ ಕೇಳಿಸಬೇಕು ಎನ್ನುವವರು ಒಂದು ದಿನ ನನ್ನ ಅಂಚೆ ಚೀಲ ಹೊತ್ತು ನೋಡಬೇಕು. ಹೆಗಡೆಕಟ್ಟಾ ಕಡೆಯ ಒಂದು ಮನೆಯಲ್ಲಿ ಅಣ್ಣ ಗಜಾನನ, ತಮ್ಮ ಗಂಗಾಧರ. ಕರೆಯುವುದಕ್ಕೆ ಚಂದವೇ. ಆದರೆ ಲಕೋಟೆಯ ಮೇಲೆ ಇಬ್ಬರೂ ಜಿ. ಎನ್. ಭಟ್ಟ.

ನಾನು ಕೆಲಸಕ್ಕೆ ಸೇರಿದ ಹೊಸತು. ಆ ಹೆಸರಿಗೆ ಬಂದ ಕಾಗದವೊಂದನ್ನು ದಾರಿಯಲ್ಲಿ ಸಿಕ್ಕ ತಮ್ಮನ ಕೈಗೆ ಕೊಟ್ಟು ಸೈಕಲ್ ಹತ್ತಿದೆ. ಸ್ವಲ್ಪ ಹೊತ್ತಿಗೆ ಅವನು ಏದುಸಿರು ಬಿಡುತ್ತ ಹಿಂದೆ ಓಡಿಬಂದ.

“ಇದು ಅಣ್ಣ ನೋಡಿಬಂದ ಹುಡುಗಿ ಬರೆದಿದ್ದು. ಆನು ಪೂರ್ತಿ ಓದಿಬಿಟ್ಟಿ. ಈಗ ಎಂತ ಮಾಡವು?”

ಅವನ ಕಿವಿಯೆಲ್ಲ ಕೆಂಪಾಗಿತ್ತು. ಒಡೆದ ಲಕೋಟೆಯನ್ನು ಅಂಚೆ ಕಚೇರಿಯ ಗೋಂದು ಹಚ್ಚಿ ಅಂಟಿಸಿ, ಮರುದಿನ ಅಣ್ಣನಿಗೆ ಕೊಟ್ಟೆ. ಮುಂದೆ ಆ ಹುಡುಗಿಯ ಜೊತೆಗೇ ಅಣ್ಣನ ಮದುವೆಯೂ ಆಯಿತು. ಹೋಗಿ ಉಂಡು ಬಂದೆ, ಬಾಯಿ ಬಿಡಲಿಲ್ಲ.

ಮೊನ್ನೆ ಎಟಿಎಂ ಕಾರ್ಡು ಕೊಡಲು ಹೋದಾಗ ಆಕೆಯೇ ಸಹಿ ಹಾಕಿದರು. ಪೆನ್ನು ಮರಳಿಸುತ್ತ ಕೇಳಿದರು: “ಪೋಸ್ಟಣ್ಣ, ಆ ಕಾಗದನ ಆನು ಅನ್ನದ ಅಗುಳು ಹಚ್ಚಿ ಅಂಟಿಸಿದ್ದಿ. ಎಮ್ಮನೆಯವು ಜೋಪಾನ ಮಾಡಿಟ್ಟ ಲಕೋಟೆಗೆ ಗೋಂದು ಎಲ್ಲಿಂದ ಬಂತು?”

ನಾನು ಚೀಲದೊಳಗೆ ಏನನ್ನೋ ಹುಡುಕತೊಡಗಿದೆ. ಅವರು ನಕ್ಕುಬಿಟ್ಟರು. “ಅದಕ್ಕೇಯ ಮಕ್ಕಳಿಗೆ ಅನಂತ, ಜ್ಞಾನೇಶ ಹೇಳಿ ಹೆಸರಿಟ್ಟಿದ್ದು. ಮಧ್ಯ ಇಡೀ ವರ್ಣಮಾಲೆ ಇದ್ದು!”

ಪಾಪ, ಆ ಜಾಗ್ರತೆಗೆ ಈಗ ಕೆಲಸವೇ ಇಲ್ಲ. ಲಕೋಟೆಯ ಮೇಲೆ ಮೊಬೈಲ್ ನಂಬರೇ ಇರುತ್ತದೆ. ತಪ್ಪಿ ಒಡೆದರೂ, ಸೈಕಲ್ಲಿನ ಹಿಂದೆ ಓಡಿಬರಬೇಕಾದಂಥದ್ದು ಒಳಗೆ ಏನೂ ಇರುವುದಿಲ್ಲ.