ಹೊಡೆದು ನೋಡಿ ಆರಿಸಿದ ಫ್ರೇಮು

ಮಾವನ ಎಡಗಿವಿ ಕಾಲಡಿ ಸಿಕ್ಕ ಬೆಲ್ಲದ ಉಂಡೆಯಂತಿತ್ತು. ಗರಡಿಯಲ್ಲಿ ಎದುರಾಳಿಗಳ ಮೊಣಕೈ ಅದನ್ನು ಅರೆದು ಅರೆದು ಆಕಾರವೇ ಉಳಿದಿರಲಿಲ್ಲ. ಸಿಟ್ಟು ಬಂದಾಗ ಮೊದಲು ಕೆಂಪಾಗುತ್ತಿದ್ದದ್ದು ಅದೇ. ಹೀಗೆಂದು ಬರೆಯುವಾಗಲೇ ಅನುಮಾನ: ಕಿವಿ ಕೆಂಪಾದದ್ದನ್ನು ನಾನು ನಿಜವಾಗಿ ಕಂಡಿದ್ದೆನೆ, ಅಥವಾ ಅದು ಕಂಡಿತೆಂದರೆ ದೂರ ಸರಿಯಬೇಕೆಂದು ಅತ್ತೆ ಹೇಳಿಕೊಟ್ಟದ್ದು ಹೀಗೆ ನೆನಪಾಗಿ ಕುಳಿತಿದೆಯೆ?

ಅವನು ನನ್ನ ತಾಯಿಯ ಅಣ್ಣ, ದಾವಣಗೆರೆಯ ಹತ್ತಿ ಮಿಲ್ಲಿನಲ್ಲಿ ನೇಕಾರ. ಕುಸ್ತಿಯಲ್ಲಿ ಸೊಂಟ ಉಳುಕಿದ ಮೇಲೆ ಸೈಕಲ್ ರೇಸಿಗೆ ಇಳಿದ. ಗರಡಿಯಲ್ಲಿ ಹೊಸಬನ ಕುತ್ತಿಗೆಗೆ ಒಂದು ಬಿಗಿದು, ಅಲುಗದೆ ನಿಂತರೆ ಮಾತ್ರ ಮಣ್ಣಿಗಿಳಿಸುವುದು ಪದ್ಧತಿ. ಮಾವ ಅದನ್ನು ಮನೆಗೂ ತಂದಿದ್ದ. ಗಡಿಗೆ, ಎತ್ತು, ಬಾಗಿಲು, ಗೆಳೆಯರು, ಎಲ್ಲವನ್ನೂ ಹೊಡೆದು ನೋಡುತ್ತಿದ್ದ. "ಪೆಟ್ಟು ತಿಂದು ನಿಂತದ್ದೇ ಗಟ್ಟಿ" ಎನ್ನುತ್ತಿದ್ದ. ನಾನು ಕಾಲೇಜು ಸೇರಲು ಟ್ರಂಕು ಹಿಡಿದು ಬಂದ ದಿನ ನನ್ನ ಬೆನ್ನಿಗೂ ಒಂದು ಬಿತ್ತು. "ನಿಂತ್ಳು ನೋಡು. ಓದ್ತಾಳೆ ಇವಳು" ಎಂದು ಅತ್ತೆಗೆ ಹೇಳಿದ. ಮದುವೆ ಮಾಡುತ್ತೇವೆಂದು ನನ್ನನ್ನು ಕರೆದೊಯ್ಯಲು ಬಂದ ದೊಡ್ಡಪ್ಪನನ್ನು ಅಂಗಿ ಹಿಡಿದೆತ್ತಿ ಬಾಗಿಲಿಗೆ ಅಪ್ಪಳಿಸಿದ್ದೂ ಅದೇ ಕೈ. ಅತ್ತೆಯ ಮೇಲೆ ಬೀಳುತ್ತಿದ್ದದ್ದೂ ಅದೇ. ನನ್ನನ್ನು ಓದಿಸಿದ ಕೈಯನ್ನು ಹೊಗಳಬೇಕೆಂದಾಗಲೆಲ್ಲ ಅತ್ತೆಯ ಊದಿದ ತುಟಿ ಅಡ್ಡ ಬರುತ್ತದೆ.

ಆ ವರ್ಷ ಮಾವ ಮಿಲ್ಲಿನ ಮೇಸ್ತ್ರಿಯ ಕಪಾಳಕ್ಕೆ ಹೊಡೆದ. ಮ್ಯಾನೇಜರಿಗೆ ರೇಸಿನ ಹುಚ್ಚು. ಕರೆಸಿ ಹೇಳಿದರಂತೆ: ಈ ಸಲದ ರೇಸಿನಲ್ಲಿ ಹರಿಹರದ ಸವಾರನನ್ನು ಸೋಲಿಸಿದರೆ ಕೆಲಸ ಉಳಿಯುತ್ತದೆ, ಸೋತರೆ ಮಾರನೆಯ ದಿನದಿಂದ ಬರಬೇಡ. ಸೈಕಲ್ಲು ಮಿಲ್ಲಿನ ಲೆಕ್ಕಕ್ಕೆ, ಫ್ರೇಮನ್ನು ಅವನೇ ಆರಿಸಬೇಕು.

ಆರಿಸಲು ನನ್ನನ್ನೂ ಅತ್ತೆಯನ್ನೂ ಕರೆದೊಯ್ದ. ಸೈಕಲ್ ಅಂಗಡಿಯ ಸಾಹೇಬರು ಮುಂಬಯಿಯಿಂದ ತರಿಸಿದ ಎರಡು ಫ್ರೇಮುಗಳನ್ನು ಕೊಕ್ಕೆಗೆ ತೂಗುಹಾಕಿದ್ದರು. ಒಂದು ದಪ್ಪ ಪೈಪಿನ ಕರಿಯದು. ಇನ್ನೊಂದು ಇಂಗ್ಲೆಂಡಿನದು, ಗಿಳಿಹಸಿರು, ಒಂದೇ ಬೆರಳಲ್ಲಿ ಎತ್ತಬಹುದಾದಷ್ಟು ಹಗುರ.

"ಓಡಾಕ ಹಸಿರಂದು ಬೇಷ್, ಪೈಲ್ವಾನ್ರೇ" ಎಂದರು ಸಾಹೇಬರು. "ಆದ್ರ ಭಾಳ ನಾಜೂಕು. ಡ್ರಮ್ಮಿನ ಹತ್ರ ಒದೆ ಬೀಳ್ತಾವ. ಕರೇದು ತಗೊಂಡ್ರ ತಡಕಂತೈತಿ."

ರೇಸು ದಾವಣಗೆರೆಯಿಂದ ಹೊರಟು, ಹರಿಹರದ ಹೊಳೆಯ ಸೇತುವೆಯ ಬಳಿ ಇಟ್ಟ ಡಾಂಬರು ಡ್ರಮ್ಮನ್ನು ಸುತ್ತಿ ಮರಳುತ್ತಿತ್ತು. ಸುತ್ತುವಾಗ ಪಕ್ಕದವನನ್ನು ಒದ್ದು ಕೆಡವುವುದನ್ನು ಯಾರೂ ತಪ್ಪೆನ್ನುತ್ತಿರಲಿಲ್ಲ. ಜನ ಸೇರುತ್ತಿದ್ದದ್ದೇ ಅದನ್ನು ನೋಡಲು.

"ತಡೀರಿ ಸಾಹೇಬ್ರೆ" ಎಂದು ಮಾವ ನಟ್ಟು ಬಿಗಿಯುವ ದೊಡ್ಡ ಪಾನಾ ಎತ್ತಿಕೊಂಡ. ಕರಿಯದಕ್ಕೆ ಹೊಡೆದ. ದಬ್ ಎಂದಿತು. ಹಸಿರಿಗೆ ಹ್ಯಾಂಡಲ್ಲಿನ ಕೆಳಗೆ, ಪೈಪುಗಳು ಕೂಡುವಲ್ಲಿ ಹೊಡೆದ. ಅದು ಕಂಚಿನಂತೆ ಮೊಳಗಿತು.

"ಅದೇನು ಕೊಡಪಾನ ಏನ್ರೀ, ಬಡಿದು ನೋಡಾಕ? ಬ್ಯಾಡ್ರಿ."

"ಇದಕ್ಕ ಜೀವ ಐತೆ" ಎಂದು ಮಾವ ಅಲ್ಲೇ ಇನ್ನೊಂದು ಕೊಟ್ಟ.

ಪೈಪಿನಲ್ಲಿ ಉಗುರಿನಷ್ಟು ತಗ್ಗು ಬಿದ್ದಿತ್ತು. ಅತ್ತೆ ಬೆರಳಿಟ್ಟು ತೋರಿಸಿದಳು. "ಪೈಲ್ವಾನನ ಮೈಮೇಲೆ ಒಂದು ಗಾಯ ಇರಬಾರ್ದೇನು?" ಎಂದು ಅವನು ನಕ್ಕ. ಅವನು ಹಾಗೆ ನಗುತ್ತಿದ್ದದ್ದು ಅಪರೂಪ. ನಾನೂ ನಕ್ಕೆ.

ರೇಸಿನ ದಿನ ನಾನೂ ಅತ್ತೆಯೂ ಬಸ್ಸಿನಲ್ಲಿ ಹೋಗಿ ಸೇತುವೆಯ ಬಳಿ ನಿಂತೆವು. ಮ್ಯಾನೇಜರು ಕಾರಿನಲ್ಲಿ ಬಂದಿದ್ದರು. ಮಾವನೇ ಮುಂದಿದ್ದ, ಆ ಹಸಿರು ಫ್ರೇಮು ಅವನನ್ನು ಅಷ್ಟು ಹಗುರವಾಗಿ ತಂದಿತ್ತು. ಡ್ರಮ್ಮಿನ ಹತ್ತಿರ ವೇಗ ತಗ್ಗಿಸಿದಾಗ ಹರಿಹರದವನು ಪಕ್ಕಕ್ಕೆ ಬಂದು ಕಾಲೆತ್ತಿದ. ಅವನ ಕಾಲು ತಾಗುವ ಮೊದಲೇ ಫ್ರೇಮು ಮುರಿಯಿತೆಂದು ನನ್ನ ನೆನಪು. ಮುಂದಿನ ಚಕ್ರ ಬೇರೆಯಾಗಿ ಉರುಳಿತು. ಮಾವ ಮುರಿದ ಪೈಪಿನ ಮೇಲೆ ಬಿದ್ದ. ಅದು ಅವನ ತೊಡೆಗೆ ಹೊಕ್ಕಿತು.

ಹರಿಹರದವನು ರೇಸು ಬಿಟ್ಟು ಇಳಿದು ಬಂದ. ತಲೆಯ ವಸ್ತ್ರ ಬಿಚ್ಚಿ ತೊಡೆಗೆ ಕಟ್ಟಲು ಬಾಗಿದ. ಮಾವ ಕೈಯಲ್ಲಿ ಉಳಿದಿದ್ದ ಹ್ಯಾಂಡಲ್ಲಿನಿಂದ ಅವನ ಬಾಯಿಗೆ ಬಾರಿಸಿದ. "ಒದ್ದು ಕೆಡವಿ ಈಗ ಕಟ್ಟಾಕ ಬಂದಿಯೇನಲೇ." ಹಲ್ಲು ಉದುರಿದ್ದವು. ಅವನು ರಕ್ತ ಉಗುಳುತ್ತಾ, "ದೇವರಾಣೆ ಒದ್ದಿಲ್ರೀ" ಎಂದ. ಮಾವ ಮತ್ತೊಮ್ಮೆ ಹೊಡೆದ. ಹರಿಹರದ ಜನ ಮಾವನ ಮೇಲೆ ಬಿದ್ದರು.

ಅತ್ತೆ ಅವರ ನಡುವೆ ನುಗ್ಗಿದಳು. ಮುರಿದ ತುಂಡು ಎತ್ತಿ, ಬಿರಿದ ಜಾಗವನ್ನು ಮಾವನ ಮುಖಕ್ಕೆ ಹಿಡಿದಳು.

"ಅವನೇನೂ ಮಾಡಿಲ್ಲ. ನೋಡ್ರಿ ಇಲ್ಲಿ. ಇದು ನೀವು ಹೊಡೆದ ಜಾಗ."

ಹೊಡೆಯುತ್ತಿದ್ದವರೂ ನಿಂತರು. ಮಾವ ಒಂದು ಕೈ ನೆಲಕ್ಕೂರಿ, ಇನ್ನೊಂದನ್ನು ಅತ್ತೆಯ ಮೇಲೆ ಎತ್ತಿದ.

ಮ್ಯಾನೇಜರ ಕಾರು ಆಗಲೇ ಹೊರಟುಹೋಗಿತ್ತು. ಕೆಲಸ ಹೋಯಿತು. ಆಸ್ಪತ್ರೆ ಸೇರಿದ ಮಾವ ಮತ್ತೆ ಮನೆಗೆ ಬರಲಿಲ್ಲ. ತೊಡೆಯ ಗಾಯ ಕೀವುಗಟ್ಟಿತು, ನಂಜು ಮೈಗೇರಿತು. ಜ್ವರದ ನಡುವೆ ಒಂದು ಮಧ್ಯಾಹ್ನ ನನ್ನನ್ನು ಹತ್ತಿರ ಕರೆದ. ಅತ್ತೆ ಕಾಲ ಬಳಿ ಒದ್ದೆ ಬಟ್ಟೆ ಹಿಂಡುತ್ತಿದ್ದಳು.

"ಓದಿದಾಕಿ, ನೀನು ಸುಳ್ಳು ಹೇಳಂಗಿಲ್ಲ. ಅವತ್ತು ಸೇತುವೆ ಹತ್ರ ಇವಳಿಗೆ ಹೊಡೆದ್ನಾ ನಾನು?"

"ಇಲ್ಲ ಮಾವ. ಹೊಡೀಲಿಲ್ಲ" ಎಂದೆ.

ಅತ್ತೆ ತಲೆಯೆತ್ತಲಿಲ್ಲ. ಬಟ್ಟೆಯಲ್ಲಿ ನೀರು ಉಳಿಯದಿದ್ದರೂ ಹಿಂಡುತ್ತಲೇ ಇದ್ದಳು. ಆ ವಾರವೇ ಮಾವ ತೀರಿಕೊಂಡ.

ಅತ್ತೆ ಮಂಡಕ್ಕಿ ಭಟ್ಟಿಯ ಕೆಲಸಕ್ಕೆ ಸೇರಿ, ಆ ಹೊಗೆಯಲ್ಲಿ ಕೆಮ್ಮುತ್ತಾ ನನ್ನನ್ನು ಬಿ.ಎ. ಮುಗಿಸುವವರೆಗೂ ಓದಿಸಿದಳು. ನಡೆದದ್ದೇನೆಂದು ಅವಳನ್ನು ಕೇಳಬಹುದಿತ್ತು. ಅವಳಾದರೂ ಹೇಳಬಹುದಿತ್ತು. ಈಗ ಅವಳೂ ಇಲ್ಲ. ಆ ಸೇತುವೆಯನ್ನು ನೆನೆದರೆ ಕೈ ಎತ್ತಿದಂತೆಯೇ ಇದೆ, ಕೆಳಗಿಳಿಯುವುದಿಲ್ಲ. ಅದನ್ನು ಅಲ್ಲಿ ತಡೆದದ್ದು ಮಾವನೋ, ಆಸ್ಪತ್ರೆಯಲ್ಲಿ ನಾನಾಡಿದ ಮಾತೋ, ನನಗೆ ತಿಳಿಯದು.